ಜಗಲಿಯ ಮೇಲೆ ಮಲಗಿದವರ ಲೆಕ್ಕ

ರಾತ್ರಿ ಬಾಗಿಲೆಳೆದ ಮೇಲೆ ಜಗಲಿಯಲ್ಲಿ ಗೋಣಿಚೀಲ ಹಾಸಿ ಮಲಗುವವರ ಲೆಕ್ಕಕ್ಕೆ ಅಂಗಡಿಯವರು ವರ್ಷಾವರ್ಷ ದುಡ್ಡು ಕಟ್ತಾರೆ. ಎಷ್ಟು ಜನಕ್ಕೆ ಗೊತ್ತು? ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ: 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಂತೆ ಶೇಕಡ 3 ಭಿಕ್ಷುಕರ ಕರ. ಅದು ಹೋಗೋದು ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ. 2010ರ ಆಗಸ್ಟಿನಲ್ಲಿ ಬೆಂಗಳೂರಿನ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಕೇಂದ್ರ ಅಂದ್ರೆ ಜನ ಹೆದರೋದು ಸುಮ್ನೆ ಅಲ್ಲ.

ರಾತ್ರಿ ತಂಗುದಾಣದ ಮಾತು ಬೇರೆ. ಸಾಮಾನ್ಯವಾಗಿ ಕಟ್ಟಡ ನಗರಸಭೆಯದು, ಚಾಕರಿ ಸಂಘ-ಸಂಸ್ಥೆಗಳದು: ಹೊದಿಕೆ ಒಗೆಯೋದು, ಜ್ವರ ಬಂದವರನ್ನು ಆಸ್ಪತ್ರೆಗೆ ಒಯ್ಯೋದು, ಊರು ಮರೆತ ಮುದುಕರ ಮನೆ ಹುಡುಕೋದು. ಹಿಡಿದು ತರೋದಿಲ್ಲ, ಬಂದವರಿಗೆ ಜಾಗ. ಆದರೆ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಮಲಗಿದವರಿಗೆ ಆ ಬಾಗಿಲು ಎಲ್ಲಿದೆ ಅಂತ ಹೇಳುವವರು ಕಮ್ಮಿ. ಬೀಡಾ ಅಂಗಡಿಯವರೋ ಕಂಡಕ್ಟರೋ ಹೇಳಿದರೂ ಆದೀತು.