ನಮ್ಮ ಹಾಸಿಗೆ ನಾವೇ ಮಾಡೋಣ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ಆ ಹಾಸಿಗೆ ಹೇಗಿದೆ? ಗಟ್ಟಿ ಇದೆಯೋ, ಗುಂಡಿ ಬಿದ್ದಿದೆಯೋ? ಇದನ್ನು ನಾವು ನೋಡುವುದೇ ಇಲ್ಲ.

ಬೆಳಗಾಗುತ್ತಲೇ ನೀರು ಹೊರುತ್ತೇವೆ. ಅಂಗಳ ಗುಡಿಸುತ್ತೇವೆ. ಹೊಲದಲ್ಲಿ ಬಗ್ಗಿ ಕಳೆ ಕೀಳುತ್ತೇವೆ. ರಾತ್ರಿ ಎಲ್ಲರೂ ಉಂಡ ಮೇಲೆ ಪಾತ್ರೆ ತೊಳೆದು ಕೊನೆಗೆ ಮಲಗುವವರು ನಾವೇ. ಮನೆಯ ಒಳ್ಳೆಯ ಹಾಸಿಗೆ ಬೇರೆಯವರಿಗೆ. ನಮಗೆ ಉಳಿಯುವುದು ಹರಕು ಚಾಪೆ. ದಿನವಿಡೀ ದುಡಿದ ಬೆನ್ನಿಗೆ ರಾತ್ರಿಯಾದರೂ ಆರಾಮ ಬೇಡವೇ?

ಅತ್ತೆಯ ಬೆನ್ನುನೋವು

ತೆಂಗಿನ ಸೀಮೆಯ ಒಂದು ಮನೆ. ಅಲ್ಲಿ ಅತ್ತೆ, ಸೊಸೆ. ಅತ್ತೆಗೆ ಬೆನ್ನುನೋವು. ಬೆಳಗ್ಗೆ ಏಳಬೇಕಾದರೆ ಗೋಡೆ ಹಿಡಿದೇ ಏಳಬೇಕು.

ಅವರ ಮನೆಯಲ್ಲಿ ಒಂದು ಹಾಸಿಗೆ ಇತ್ತು. ಗಾಡಿಯಲ್ಲಿ ಮಾರಲು ಬಂದವರ ಹತ್ತಿರ ಕಂತಿನಲ್ಲಿ ಕೊಂಡದ್ದು. ನೋಡಲು ದಪ್ಪ, ಮುಟ್ಟಿದರೆ ಮೆತ್ತಗೆ, ಮೇಲೆ ಹೂವಿನ ಬಟ್ಟೆ. ಕಂತು ತೀರುವ ಮೊದಲೇ ನಡುವೆ ಗುಂಡಿ ಬಿತ್ತು. ಅತ್ತೆ ಅದನ್ನು ಸುತ್ತಿ ಅಟ್ಟಕ್ಕೆ ಹಾಕಿದರು. ಬರೀ ನೆಲದ ಮೇಲೆ ಚಾಪೆ ಹಾಸಿಕೊಂಡರು.

“ಬೆನ್ನುನೋವಿಗೆ ಗಟ್ಟಿ ನೆಲವೇ ಒಳ್ಳೇದು ಕಣಮ್ಮ” ಎಂದರು ಅತ್ತೆ.

“ಹಾಗಾದ್ರೆ ನೋವು ಯಾಕೆ ಕಮ್ಮಿ ಆಗ್ಲಿಲ್ಲ ಅತ್ತೆ?” ಎಂದಳು ಸೊಸೆ.

ಅತ್ತೆಯ ಹತ್ತಿರ ಉತ್ತರ ಇರಲಿಲ್ಲ.

ಗಟ್ಟಿಯೋ, ಮೆತ್ತಗೋ?

ನಮ್ಮ ಮೈ ಹಲಗೆಯ ಹಾಗೆ ನೇರ ಇಲ್ಲ. ಭುಜ, ಸೊಂಟ ಉಬ್ಬಿವೆ. ನಡು ಒಳಗೆ ಬಾಗಿದೆ. ಬರೀ ನೆಲದ ಮೇಲೆ ಮಲಗಿದರೆ ಉಬ್ಬಿದ ಕಡೆ ಒತ್ತುತ್ತದೆ. ನಡುವಿಗೆ ಆಸರೆ ಸಿಗುವುದಿಲ್ಲ. ತೀರಾ ಮೆತ್ತನೆಯ ಹಾಸಿಗೆಯಲ್ಲಿ ಮಲಗಿದರೆ ಸೊಂಟ ಕುಸಿಯುತ್ತದೆ. ಬೆನ್ನು ತೊಟ್ಟಿಲಿನ ಹಾಗೆ ಬಾಗುತ್ತದೆ. ಎರಡೂ ತೊಂದರೆಯೇ.

ಸ್ಪೇನ್ ದೇಶದ ವೈದ್ಯರು ಇದನ್ನು ಪರೀಕ್ಷೆ ಮಾಡಿ ನೋಡಿದರು. ಬಹಳ ದಿನದಿಂದ ಬೆನ್ನುನೋವು ಇದ್ದ 313 ಜನರನ್ನು ಆರಿಸಿದರು. ಕೆಲವರಿಗೆ ಗಟ್ಟಿ ಹಾಸಿಗೆ ಕೊಟ್ಟರು. ಉಳಿದವರಿಗೆ ಮಧ್ಯಮ ಗಟ್ಟಿಯ ಹಾಸಿಗೆ ಕೊಟ್ಟರು. 90 ದಿನ ನೋಡಿದರು. ಮಧ್ಯಮ ಹಾಸಿಗೆಯವರಿಗೆ ನೋವು ಹೆಚ್ಚು ಕಡಿಮೆಯಾಗಿತ್ತು. ಈ ವಿಷಯ 2003ರಲ್ಲಿ ಪ್ರಕಟವಾಯಿತು.

ಅಂದರೆ ಹಾಸಿಗೆ ಹೊರಲು ಗಟ್ಟಿ ಇರಬೇಕು, ಮೈಗೆ ಮೆತ್ತಗೆ ಇರಬೇಕು. ಒಂದೇ ವಸ್ತುವಿನಲ್ಲಿ ಈ ಎರಡೂ ಗುಣ ಸಿಗುವುದು ಕಷ್ಟ. ಅದಕ್ಕೇ ಪದರ ಪದರವಾಗಿ ಹಾಸಬೇಕು. ಕೆಳಗೆ ಗಟ್ಟಿ, ನಡುವೆ ಮಧ್ಯಮ, ಮೇಲೆ ಮೆತ್ತಗೆ.

ಮೂರು ಪದರ

ಕೆಳಗಿನ ಪದರ ತೆಂಗಿನ ನಾರು. ತೆಂಗಿನ ಮೊಟ್ಟೆಯಿಂದ ನಾರು ತೆಗೆಯುತ್ತಾರೆ. ಅದರ ಮೇಲೆ ರಬ್ಬರು ಹಾಲು ಸಿಂಪಡಿಸಿ, ಒತ್ತಿ, ಹಾಳೆ ಮಾಡುತ್ತಾರೆ. ಅಂಗಡಿಯಲ್ಲಿ ಇದಕ್ಕೆ ಕಾಯರ್ ಹಾಳೆ ಎನ್ನುತ್ತಾರೆ. ಇದು ಗಟ್ಟಿ. ಗಾಳಿ ಆಡುತ್ತದೆ.

ನಡುವಿನ ಪದರ ಫೋಮ್. ನಾವು ಸ್ಪಂಜು ಎನ್ನುತ್ತೇವಲ್ಲ, ಅದೇ. ಎರಡು ಬಗೆಯ ರಾಸಾಯನಿಕ ದ್ರವಗಳನ್ನು ಬೆರೆಸಿದರೆ ಅದು ದೋಸೆ ಹಿಟ್ಟಿನ ಹಾಗೆ ಉಬ್ಬಿ ಬರುತ್ತದೆ. ಆಮೇಲೆ ಗಟ್ಟಿಯಾಗುತ್ತದೆ. ಅದನ್ನು ಹಾಳೆಯಾಗಿ ಕೊಯ್ಯುತ್ತಾರೆ.

ಮೇಲಿನ ಪದರ ಲೇಟೆಕ್ಸ್. ಲೇಟೆಕ್ಸ್ ಎಂದರೆ ರಬ್ಬರು ಮರದ ಹಾಲು. ನಮ್ಮ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಕಡೆ ರಬ್ಬರು ತೋಟಗಳಿವೆ. ಕೇರಳದಲ್ಲಿ ಇನ್ನೂ ಹೆಚ್ಚು. ಬೆಳಗಿನ ಜಾವ ಮರದ ತೊಗಟೆ ಕೆತ್ತಿ, ಚಿಪ್ಪು ಕಟ್ಟಿ, ಹಾಲು ಇಳಿಸುತ್ತಾರೆ. ಆ ಹಾಲಿಗೆ ಗಂಧಕ ಮೊದಲಾದವನ್ನು ಸೇರಿಸುತ್ತಾರೆ. ನೊರೆ ಬರುವಂತೆ ಕಡೆದು, ಅಚ್ಚಿಗೆ ಹೊಯ್ದು ಬೇಯಿಸುತ್ತಾರೆ. ಹಾಳೆಯ ತುಂಬ ಸಣ್ಣ ತೂತುಗಳಿರುತ್ತವೆ. ಒತ್ತಿದರೆ ತಗ್ಗುತ್ತದೆ. ಕೈ ತೆಗೆದರೆ ಥಟ್ಟನೆ ಮೇಲೆ ಬರುತ್ತದೆ.

ಮೂರರಲ್ಲಿ ಲೇಟೆಕ್ಸ್‌ಗೇ ಬೆಲೆ ಜಾಸ್ತಿ. ಅದಕ್ಕೇ ಮೈ ಮುಟ್ಟುವ ಕಡೆ 1 ಅಂಗುಲ ಹಾಕಿದರೆ ಸಾಕು.

ಅಂಗಡಿಯಲ್ಲಿ ಲೆಕ್ಕ

ಅತ್ತೆ, ಸೊಸೆ ಪೇಟೆಗೆ ಹೋದರು. ಅಂಗಡಿಯವರು ಎರಡು ಫೋಮ್ ಹಾಳೆ ತೋರಿಸಿದರು. ಎರಡೂ 6 ಅಡಿ ಉದ್ದ, 3 ಅಡಿ ಅಗಲ, 2 ಅಂಗುಲ ದಪ್ಪ. ನೋಡಲು ಒಂದೇ ಥರ. ಬೆಲೆ ಮಾತ್ರ ಬೇರೆ.

“ಕಮ್ಮಿ ಬೆಲೇದೇ ಕೊಡಪ್ಪಾ” ಎಂದರು ಅತ್ತೆ.

ಸೊಸೆ ಚೀಟಿ ಓದಿದಳು. ಒಂದರ ಮೇಲೆ 18 ಡೆನ್ಸಿಟಿ, ಇನ್ನೊಂದರ ಮೇಲೆ 32 ಡೆನ್ಸಿಟಿ ಎಂದಿತ್ತು.

ಡೆನ್ಸಿಟಿ ಎಂದರೆ ಏನು? 1 ಮೀಟರ್ ಉದ್ದ, 1 ಮೀಟರ್ ಅಗಲ, 1 ಮೀಟರ್ ಎತ್ತರದ ಫೋಮ್ ಎಷ್ಟು ಕಿಲೊ ತೂಗುತ್ತದೆ ಎಂಬ ಲೆಕ್ಕ. ಅಂಕಿ ಕಡಿಮೆ ಇದ್ದರೆ ಒಳಗೆ ಮಾಲು ಕಡಿಮೆ, ಗಾಳಿ ಜಾಸ್ತಿ. ಅಂಥ ಫೋಮ್ ಬೇಗ ಕುಸಿಯುತ್ತದೆ. ದಿನವೂ ಮಲಗುವ ಹಾಸಿಗೆಗೆ 32 ಇರಲಿ. ಮೈ ಭಾರ ಇದ್ದವರಿಗೆ 40 ಒಳ್ಳೆಯದು.

ಚೀಟಿ ನಿಜ ಹೇಳುತ್ತದೆಯೇ? ತೂಗಿ ನೋಡಬಹುದು. ಸೊಸೆ ಹೀಗೆ ಲೆಕ್ಕ ಮಾಡಿದಳು.

ಉದ್ದ 6 ಅಡಿ, ಅಗಲ 3 ಅಡಿ. ಗುಣಿಸಿದರೆ 18.
ದಪ್ಪ 2 ಅಂಗುಲ. 18ನ್ನು 2ರಿಂದ ಗುಣಿಸಿದರೆ 36.
12 ಅಂಗುಲಕ್ಕೆ 1 ಅಡಿ. 36ನ್ನು 12ರಿಂದ ಭಾಗಿಸಿದರೆ 3 ಘನ ಅಡಿ.

32 ಡೆನ್ಸಿಟಿಯ ಫೋಮ್ 1 ಘನ ಅಡಿಗೆ ಸುಮಾರು 900 ಗ್ರಾಂ ತೂಗುತ್ತದೆ. 3 ಘನ ಅಡಿಗೆ 2 ಕಿಲೊ 700 ಗ್ರಾಂ. 18 ಡೆನ್ಸಿಟಿಯದು 3 ಘನ ಅಡಿಗೆ ಸುಮಾರು ಒಂದೂವರೆ ಕಿಲೊ ಮಾತ್ರ.

“ಸ್ವಲ್ಪ ತಕ್ಕಡೀಲಿ ತೂಗಿ ಕೊಡಿ ಅಣ್ಣಾ” ಎಂದಳು ಸೊಸೆ.

ಅಂಗಡಿಯವರು ತೂಗಿದರು. ಲೆಕ್ಕ ಸರಿಹೋಯಿತು. ಅತ್ತೆ ಸೊಸೆಯ ಮುಖ ನೋಡಿದರು. “ಆ ಗಾಡಿಯವರು ಬಂದಾಗ ನಮಗೆ ಇದು ಗೊತ್ತಿರಲಿಲ್ಲವಲ್ಲೇ!” ಎಂದರು.

ಒಂದು ಎಚ್ಚರಿಕೆ. ತೂಕ ಹೆಚ್ಚಿಸಲು ಫೋಮಿಗೆ ಸುಣ್ಣದ ಕಲ್ಲಿನ ಪುಡಿ ಬೆರೆಸುವುದೂ ಉಂಟು. ಆದ್ದರಿಂದ ತೂಕದ ಜೊತೆಗೆ ಕೈಯನ್ನೂ ನಂಬಿ. ಅಂಗೈಯಿಂದ ಜೋರಾಗಿ ಒತ್ತಿ ಬಿಡಿ. ತಕ್ಷಣ ಮೇಲೆ ಬರಬೇಕು. ತಿಕ್ಕಿದರೆ ಪುಡಿ ಉದುರಬಾರದು. ರಸೀದಿಯಲ್ಲಿ ಡೆನ್ಸಿಟಿಯ ಅಂಕಿ ಬರೆಸಿಕೊಳ್ಳಿ. ಲೇಟೆಕ್ಸ್ ಕೊಂಡರೆ ಅದು ಮರದ ಹಾಲಿನದೋ, ಕೃತಕವೋ ಕೇಳಿ, ಅದನ್ನೂ ಬರೆಸಿ.

ಮಾಡುವ ಬಗೆ

ಬೇಕಾದ ಸಾಮಾನು: 2 ಅಂಗುಲದ ಕಾಯರ್ ಹಾಳೆ 1. 2 ಅಂಗುಲದ ಫೋಮ್ ಹಾಳೆ 1. 1 ಅಂಗುಲದ ಲೇಟೆಕ್ಸ್ ಹಾಳೆ 1. ಗಟ್ಟಿಯಾದ ಹತ್ತಿ ಸೀರೆ 1. ಸೂಜಿ, ದಾರ, ಲಾಡಿ. ಮೂರು ಹಾಳೆಯೂ 6 ಅಡಿ ಉದ್ದ, 3 ಅಡಿ ಅಗಲ ಇರಲಿ.

1. ಹೊಸ ಹಾಳೆಗಳನ್ನು ಎರಡು, ಮೂರು ದಿನ ನೆರಳಿನಲ್ಲಿ ಗಾಳಿಗೆ ಇಡಿ. ವಾಸನೆ ಹೋಗುತ್ತದೆ.

2. ಸೀರೆಯಿಂದ ಗವಸು ಹೊಲಿಯಿರಿ. ಮೇಲಕ್ಕೊಂದು, ಕೆಳಕ್ಕೊಂದು ತುಂಡು ಬೇಕು. ಪ್ರತಿ ತುಂಡು 6 ಅಡಿ 2 ಅಂಗುಲ ಉದ್ದ, 3 ಅಡಿ 2 ಅಂಗುಲ ಅಗಲ. ಉಳಿದ ಬಟ್ಟೆಯಲ್ಲಿ 7 ಅಂಗುಲ ಅಗಲದ ಪಟ್ಟಿ ಕತ್ತರಿಸಿ, ಸುತ್ತಲೂ ಹೊಲಿಯಿರಿ. ಒಂದು ಸೀರೆ ಸಾಕಾಗುತ್ತದೆ.

3. ಒಂದು ಉದ್ದದ ಬದಿ ಹೊಲಿಯಬೇಡಿ. ಅಲ್ಲಿ ಲಾಡಿ ಹಚ್ಚಿ. ಗವಸು ತೆಗೆದು ಒಗೆಯಬಹುದು.

4. ನೆಲ ಒಣಗಿರಲಿ. ಮೊದಲು ಕಾಯರ್, ಅದರ ಮೇಲೆ ಫೋಮ್, ಅದರ ಮೇಲೆ ಲೇಟೆಕ್ಸ್ ಇಡಿ. ಅಂಚು ಸಮ ಮಾಡಿ.

5. ಮೂರನ್ನೂ ಒಟ್ಟಿಗೆ ಗವಸಿನೊಳಗೆ ಸೇರಿಸಿ ಲಾಡಿ ಕಟ್ಟಿ. ಹಾಸಿಗೆ ಸಿದ್ಧ.

ಪದರಗಳಿಗೆ ಗೋಂದು ಬೇಡ. ಒಂದು ಪದರ ಹಾಳಾದರೆ ಅದೊಂದನ್ನೇ ಬದಲಿಸಬಹುದು. ಇಡೀ ಹಾಸಿಗೆ ಎಸೆಯಬೇಕಿಲ್ಲ. ಮನೆಯಲ್ಲೇ ಮಾಡಿದ್ದರ ದೊಡ್ಡ ಲಾಭ ಇದೇ.

ಮಲಗಿ ನೋಡಿ

ಅಂಗಾತ ಮಲಗಿ. ನಡುವಿನ ಕೆಳಗೆ ಅಂಗೈ ತೂರಿಸಿ. ಸಲೀಸಾಗಿ ಹೋಗಿ ಇನ್ನೂ ಜಾಗ ಉಳಿದರೆ ಹಾಸಿಗೆ ಗಟ್ಟಿಯಾಯಿತು. ಕೈ ಹೋಗುವುದೇ ಇಲ್ಲ ಎಂದರೆ ತೀರಾ ಮೆತ್ತಗಾಯಿತು. ಸ್ವಲ್ಪ ಬಿಗಿಯಾಗಿ ಹೋದರೆ ಸರಿ.

ಆಮೇಲೆ ಮಗ್ಗುಲಾಗಿ. ಹಿಂದಿನಿಂದ ಒಬ್ಬರು ನೋಡಲಿ. ಕತ್ತಿನಿಂದ ಸೊಂಟದವರೆಗೆ ಬೆನ್ನಿನ ಗೆರೆ ನೇರ ಇರಬೇಕು.

ಕೈಯಲ್ಲಿ ಹಣ ಕಡಿಮೆಯೇ?

ಎಲ್ಲರೂ ಲೇಟೆಕ್ಸ್ ಕೊಳ್ಳಲು ಆಗದು. ಬೇಸರ ಬೇಡ. ಪದರದ ನಿಯಮ ಒಂದೇ. ಕೆಳಗೆ ಕಾಯರ್ ಹಾಳೆ ಹಾಕಿ. ಮೇಲೆ ಪಿಂಜಿದ ಹತ್ತಿಯ ಹಾಸಿಗೆ ಹಾಕಿ. ಅದರ ಮೇಲೆ ಕೌದಿ ಹಾಸಿ. ಉತ್ತರ ಕರ್ನಾಟಕದ ತಾಯಂದಿರು ಹಳೆಯ ಸೀರೆ, ಧೋತರ ಪದರ ಪದರವಾಗಿ ಇಟ್ಟು ಕೌದಿ ಹೊಲಿಯುತ್ತಾರೆ. ಪದರದ ಈ ಜಾಣತನ ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು. ಹತ್ತಿ ಗಂಟುಕಟ್ಟಿದರೆ ಮತ್ತೆ ಪಿಂಜಿಸಿ.

ಜೋಪಾನ

ರಬ್ಬರಿಗೂ ಎಣ್ಣೆಗೂ ಆಗಿಬರುವುದಿಲ್ಲ. ತಲೆಗೆ, ಮೈಗೆ ಎಣ್ಣೆ ಹಚ್ಚಿದ ದಿನ ಲೇಟೆಕ್ಸ್ ಮೇಲೆ ದಪ್ಪ ಹೊದಿಕೆ ಹಾಸಿ.

ಹತ್ತಿ, ಕೌದಿ ಬಿಸಿಲಿಗೆ ಹಾಕಿ. ಫೋಮ್, ಲೇಟೆಕ್ಸ್ ಬಿಸಿಲಿಗೆ ಹಾಕಬೇಡಿ. ಬಿಸಿಲಿಗೆ ಅವು ಪುಡಿಪುಡಿಯಾಗುತ್ತವೆ. ನೆರಳಿನ ಗಾಳಿ ಸಾಕು.

ನೆಲದ ಮೇಲೆ ಹಾಸುವುದಾದರೆ ಕೆಳಗೆ ಚಾಪೆ ಇರಲಿ. ದಿನವೂ ಬೆಳಗ್ಗೆ ಎತ್ತಿ ನಿಲ್ಲಿಸಿ. ಇಲ್ಲವಾದರೆ ತೇವಕ್ಕೆ ಬೂಷ್ಟು ಹಿಡಿಯುತ್ತದೆ.

ಫೋಮಿಗೆ ಬೆಂಕಿ ಬೇಗ ಹತ್ತುತ್ತದೆ. ಅದರ ಹೊಗೆ ವಿಷ. ಹಾಸಿಗೆಯ ಹತ್ತಿರ ಒಲೆ, ದೀಪ, ಬೀಡಿ, ಸೊಳ್ಳೆಬತ್ತಿ ಬೇಡವೇ ಬೇಡ.

ಎಳೆ ಮಗುವಿಗೆ ಈ ಮೆತ್ತನೆಯ ಪದರ ಬೇಡ. ಮೂಗು ಹುದುಗಿ ಉಸಿರು ಕಟ್ಟಬಹುದು. ಮಗುವಿಗೆ ಗಟ್ಟಿಯಾದ, ಸಮವಾದ ಹಾಸು ಬೇಕು. ಅಂಗಾತ ಮಲಗಿಸಿ.

ಮೈಮೇಲೆ ಕೆರೆತ, ದದ್ದು ಬಂದರೆ ಲೇಟೆಕ್ಸ್ ಪದರ ತೆಗೆದುಬಿಡಿ. ಕೆಲವರಿಗೆ ರಬ್ಬರು ಒಗ್ಗುವುದಿಲ್ಲ.

ಹಾಸಿಗೆ ಔಷಧಿ ಅಲ್ಲ. ಬೆನ್ನುನೋವಿನ ಜೊತೆ ಕಾಲು ಜೋಮು ಹಿಡಿದರೆ, ಕಾಲಿನ ಬಲ ಕುಂದಿದರೆ, ಮೂತ್ರ ಹಿಡಿತ ತಪ್ಪಿದರೆ ಕೂಡಲೇ ಡಾಕ್ಟರ ಹತ್ತಿರ ಹೋಗಿ.

ಬೆಳಗಾಯಿತು

ಹೊಸ ಹಾಸಿಗೆಯ ಮೇಲೆ ಅತ್ತೆ ಒಂದು ತಿಂಗಳು ಮಲಗಿದರು. ನೋವು ಪೂರ್ತಿ ಹೋಗಲಿಲ್ಲ. ಆದರೆ ಬೆಳಗ್ಗೆ ಗೋಡೆ ಹಿಡಿಯದೆ ಎದ್ದರು. ಸೊಸೆಯನ್ನು ಕರೆದು ಹೇಳಿದರು:

“ನೀನೂ ಚಾಪೆ ಮೇಲೆ ಮಲಗಬೇಡ ಕಣೆ. ತೆಂಗಿನಕಾಯಿ ದುಡ್ಡು ಬರಲಿ. ಇನ್ನೊಂದು ಮಾಡೋಣ. ಅಷ್ಟರಲ್ಲಿ ಆ ಘನ ಅಡಿ ಲೆಕ್ಕ ನನಗೂ ಹೇಳಿಕೊಡು.”

ನೀವೂ ಲೆಕ್ಕ ಮಾಡಿ

ಒಂದು ಫೋಮ್ ಹಾಳೆ 6 ಅಡಿ ಉದ್ದ, 4 ಅಡಿ ಅಗಲ, 3 ಅಂಗುಲ ದಪ್ಪ ಇದೆ. ಅದು ಎಷ್ಟು ಘನ ಅಡಿ? 32 ಡೆನ್ಸಿಟಿಯದಾದರೆ ಎಷ್ಟು ತೂಗಬೇಕು?

ಉತ್ತರ: 6 ಘನ ಅಡಿ. ಸುಮಾರು 5 ಕಿಲೊ 400 ಗ್ರಾಂ.

ನಿಮ್ಮ ಮನೆಯಲ್ಲಿ ಒಳ್ಳೆಯ ಹಾಸಿಗೆಯ ಮೇಲೆ ಯಾರು ಮಲಗುತ್ತಾರೆ? ಯಾಕೆ? ಎಲ್ಲರೂ ಕೂತು ಮಾತಾಡಿ.