ದೂರು ಹೇಳದ ರೋಗಿಗಳು

ಅಮೆರಿಕದ ಅರಿಜೋನಾ ರಾಜ್ಯದ ಸ್ಕಾಟ್ಸ್‌ಡೇಲ್‌ನಲ್ಲಿ ಆಲ್ಕೋರ್ ಎಂಬ ಸಂಸ್ಥೆಯ ಕಟ್ಟಡವಿದೆ. ಒಳಗೆ ಆಳೆತ್ತರವನ್ನು ಮೀರಿದ ಸ್ಟೀಲ್ ಪೀಪಾಯಿಗಳು ಸಾಲಾಗಿ ನಿಂತಿವೆ. ಪೀಪಾಯಿ ತುಂಬ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕ. ಅದರಲ್ಲಿ ತಲೆಕೆಳಗಾಗಿ ನಿಲ್ಲಿಸಿದ ಮನುಷ್ಯದೇಹಗಳು. ಯಾಕೆ ತಲೆಕೆಳಗು? ಸಾರಜನಕ ಎಂದಾದರೂ ಸೋರಿ ಇಳಿದರೆ ಕಾಲು ಮೊದಲು ಕರಗಲಿ, ಮಿದುಳು ಕೊನೆಗೆ ಕರಗಲಿ ಎಂಬ ಲೆಕ್ಕ. ಇಲ್ಲಿನವರು ಅವರನ್ನು ಹೆಣ ಎನ್ನುವುದಿಲ್ಲ, ರೋಗಿಗಳು ಎನ್ನುತ್ತಾರೆ. ಮುಂದೊಂದು ಕಾಲದ ವೈದ್ಯರು ಎಬ್ಬಿಸಿಯಾರು ಎಂಬ ನಂಬಿಕೆಯಲ್ಲಿ ಸತ್ತವರನ್ನು ಹೀಗೆ ಕಾಪಿಡುವ ಕಸುಬಿನ ಹೆಸರು ಕ್ರಯಾನಿಕ್ಸ್.

ನಮ್ಮ ಹಳ್ಳಿಗಳಿಗೆ ದ್ರವ ಸಾರಜನಕ ಅಪರಿಚಿತವಲ್ಲ. ಹಸು ಬೆದೆಗೆ ಬಂದಾಗ ಪಶುವೈದ್ಯರು ಕ್ಯಾನಿನ ಮುಚ್ಚಳ ತೆಗೆದರೆ ಏಳುವ ಬಿಳಿಹೊಗೆ ಅದರಿಂದಲೇ. ಹೋರಿಗಳ ವೀರ್ಯವನ್ನು ಇದೇ ಚಳಿಯಲ್ಲಿ ಕಾಪಿಡುವ ಕೇಂದ್ರ ಸರ್ಕಾರದ ಸಂಸ್ಥೆ ಹೆಸರಘಟ್ಟದಲ್ಲಿದೆ. ವೀರ್ಯಾಣು ಕರಗಿಸಿದ ಮೇಲೆ ಮತ್ತೆ ಚುರುಕಾಗುತ್ತದೆ, ಪುಟ್ಟ ಭ್ರೂಣವೂ ಬದುಕುತ್ತದೆ. ಇಡೀ ಮನುಷ್ಯನ ಮಾತು ಬೇರೆ. ಇಂದಿನವರೆಗೆ ಒಬ್ಬರೂ ಎದ್ದು ಬಂದಿಲ್ಲ.

ಇದು ಹುಚ್ಚೋ ದೂರದೃಷ್ಟಿಯೋ ಎಂಬ ವಾದ ಹಳೆಯದು, ಅದು ಇಲ್ಲಿ ಬೇಡ. ನನ್ನ ಕುತೂಹಲವಿರುವುದು ಸಂಸ್ಥೆಯ ಸಂಸಾರದಲ್ಲಿ. ಆಸ್ಪತ್ರೆಯಲ್ಲಿ ಎಡವಟ್ಟಾದರೆ ರೋಗಿ ಕೂಗಾಡುತ್ತಾನೆ. ಇಲ್ಲಿನ ರೋಗಿಗೆ ಬಾಯಿಲ್ಲ. ಕೆಲಸ ಕೆಟ್ಟಿತೋ ಚೆನ್ನಾಯಿತೋ ಎಂಬುದು ಅವನಿಗೆ ತಿಳಿಯುವಂತಿಲ್ಲ. ಅವನ ಪರವಾಗಿ ಕೇಳಬೇಕಾದವರು ಇನ್ನೂ ಉಸಿರಾಡುತ್ತಿರುವ ಸದಸ್ಯರು. ಅವರಿಗೆ ಏನು ಹೇಳಲಾಗುತ್ತದೆ, ಏನು ಮುಚ್ಚಿಡಲಾಗುತ್ತದೆ ಎಂಬುದರ ಮೇಲೆ ಇಡೀ ವ್ಯವಸ್ಥೆ ನಿಂತಿದೆ.

ಮುಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಚಾಟ್ಸ್‌ವರ್ತ್ ಎಂಬ ಊರಿನ ಕಥೆಯಿದೆ. ಮಿಷಿಗನ್‌ನ ಭೌತಶಾಸ್ತ್ರದ ಮೇಷ್ಟ್ರು ರಾಬರ್ಟ್ ಎಟಿಂಗರ್ 1960ರ ದಶಕದ ಆರಂಭದಲ್ಲಿ ಪುಸ್ತಕ ಬರೆದು ಈ ಕಲ್ಪನೆಗೆ ಗಾಳಿ ಹಾಕಿದರು. 1967ರ ಜನವರಿ 12ರಂದು ಜೇಮ್ಸ್ ಬೆಡ್‌ಫರ್ಡ್ ಎಂಬ ಮನಶ್ಶಾಸ್ತ್ರದ ಪ್ರಾಧ್ಯಾಪಕರನ್ನು ಕ್ಯಾಲಿಫೋರ್ನಿಯಾದಲ್ಲಿ ಮೊದಲ ಬಾರಿಗೆ ಹೀಗೆ ಹೆಪ್ಪುಗಟ್ಟಿಸಲಾಯಿತು. ಆ ಕೆಲಸದ ಮುಂದಾಳು ರಾಬರ್ಟ್ ನೆಲ್ಸನ್, ಟಿವಿ ರಿಪೇರಿ ಮಾಡುತ್ತಿದ್ದವರು. ಆಮೇಲೆ ಬಂದ ದೇಹಗಳನ್ನು ಅವರು ಚಾಟ್ಸ್‌ವರ್ತ್‌ನ ಸ್ಮಶಾನದ ನೆಲಮಾಳಿಗೆಯೊಂದರಲ್ಲಿ ಇಟ್ಟರು. ಸಾರಜನಕ ದಿನವೂ ಆವಿಯಾಗುತ್ತದೆ, ಆಗಾಗ ತುಂಬಿಸುತ್ತಲೇ ಇರಬೇಕು. ಅದಕ್ಕೆ ದುಡ್ಡು ಬೇಕು. ಕೆಲವು ಕುಟುಂಬಗಳು ಹಣ ಕಳಿಸುವುದನ್ನು ನಿಲ್ಲಿಸಿದವು, ಪಂಪು ಕೆಟ್ಟಿತು, ಒಂಬತ್ತು ದೇಹಗಳು ಕರಗಿ ಕೊಳೆತವು. ನೆಲ್ಸನ್ ಅದನ್ನು ವರ್ಷಗಟ್ಟಲೆ ಬಾಯಿಬಿಡಲಿಲ್ಲ. ಸಂಬಂಧಿಕರು ಕೋರ್ಟಿಗೆ ಹೋದರು, 1981ರಲ್ಲಿ ತೀರ್ಪು ನೆಲ್ಸನ್ ವಿರುದ್ಧ ಬಂತು. ಬೆಡ್‌ಫರ್ಡ್ ಮಾತ್ರ ಪಾರಾದರು, ಮನೆಯವರು ಅವರನ್ನು ಮೊದಲೇ ಬೇರೆಡೆಗೆ ಒಯ್ದಿದ್ದರಿಂದ. ಈಗ ಅವರು ಆಲ್ಕೋರ್‌ನಲ್ಲಿದ್ದಾರೆ. 1991ರಲ್ಲಿ ಹೊಸ ಪೀಪಾಯಿಗೆ ಬದಲಿಸುವಾಗ ತೆರೆದು ನೋಡಿದರೆ, ಜತೆಗಿದ್ದ ಮಂಜುಗಡ್ಡೆಯ ತುಂಡುಗಳು ಆಕಾರ ಕೆಡದೆ ಹಾಗೇ ಇದ್ದವು. ನಡುವೆ ಎಲ್ಲೂ ಕರಗಿಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ನೆಲ್ಸನ್ ಅವರ ಆ ಕ್ಯಾಲಿಫೋರ್ನಿಯಾ ಗುಂಪಿನಿಂದ ಬೇಸತ್ತು ಹೊರಬಂದ ಫ್ರೆಡ್ ಮತ್ತು ಲಿಂಡಾ ಚೇಂಬರ್ಲಿನ್ ದಂಪತಿ 1972ರಲ್ಲಿ ಆಲ್ಕೋರ್ ಕಟ್ಟಿದರು. ಸಂಬಂಧಿಕರ ತಿಂಗಳ ಕಂತನ್ನು ನಂಬಿಕೊಂಡರೆ ಕೆಟ್ಟೆವು ಎಂಬುದು ಈ ಕಸುಬಿಗೆ ತಿಳಿದಿತ್ತು. ಈಗ ಪೂರ್ತಿ ಹಣ ಮೊದಲೇ ಬರುತ್ತದೆ, ಹೆಚ್ಚಿನವರಿಗೆ ಜೀವವಿಮೆಯ ಮೂಲಕ. ಆಲ್ಕೋರ್‌ನಲ್ಲಿ ಇಡೀ ದೇಹಕ್ಕೆ ಎರಡು ಲಕ್ಷ ಡಾಲರ್ ದಾಟುತ್ತದೆ, ತಲೆಯೊಂದೇ ಸಾಕೆಂದರೆ 80,000. ಅದರಲ್ಲೊಂದು ಪಾಲು 1997ರಲ್ಲಿ ಸ್ಥಾಪಿಸಿದ ಪ್ರತ್ಯೇಕ ಟ್ರಸ್ಟಿಗೆ ಹೋಗುತ್ತದೆ. ಸಾರಜನಕದ ಖರ್ಚು ಅದರ ಗಳಿಕೆಯಿಂದ. ಎಟಿಂಗರ್ 1976ರಲ್ಲಿ ಮಿಷಿಗನ್‌ನಲ್ಲಿ ಕಟ್ಟಿದ ಕ್ರಯಾನಿಕ್ಸ್ ಇನ್‌ಸ್ಟಿಟ್ಯೂಟ್ ಅಗ್ಗದ ದಾರಿ ಹಿಡಿಯಿತು: ಆಜೀವ ಸದಸ್ಯರಿಗೆ 28,000 ಡಾಲರ್. ಎಟಿಂಗರ್ ತಮ್ಮ ತಾಯಿಯನ್ನು ಅಲ್ಲೇ ಇಟ್ಟರು, 2011ರಲ್ಲಿ ತಾವೂ ಅಲ್ಲೇ ಸೇರಿದರು.

ಎರಡರ ಆಡಳಿತದ ರೀತಿಯೂ ಬೇರೆ. ಮಿಷಿಗನ್‌ನಲ್ಲಿ ನಿರ್ದೇಶಕರನ್ನು ಸದಸ್ಯರೇ ವೋಟು ಹಾಕಿ ಆರಿಸುತ್ತಾರೆ, ವಾರ್ಷಿಕ ಸಭೆಯಲ್ಲಿ ಲೆಕ್ಕ ಕೇಳುತ್ತಾರೆ. ಆಲ್ಕೋರ್‌ನಲ್ಲಿ ಆಡಳಿತ ಮಂಡಳಿ ತನ್ನ ಸದಸ್ಯರನ್ನು ತಾನೇ ಆರಿಸಿಕೊಳ್ಳುತ್ತದೆ. ಬಹುಮತದ ಗಾಳಿ ಎತ್ತ ಬೀಸಿದರೂ ರೋಗಿಗಳಿಗೆ ಕುತ್ತು ಬರಬಾರದು ಎಂಬುದು ಅದಕ್ಕೆ ಕೊಡುವ ಸಮರ್ಥನೆ. ವೋಟಿಲ್ಲದ ಸದಸ್ಯನ ಕೈಗೆ ಸಿಗುವುದು ಸಂಸ್ಥೆಯ ‘ಕ್ರಯಾನಿಕ್ಸ್’ ಪತ್ರಿಕೆ, ಪ್ರಕರಣ ವರದಿಗಳು. ಈ ವರದಿಗಳು ಓದಲು ಹಿತವಲ್ಲ. ತಂಡ ತಲುಪುವಷ್ಟರಲ್ಲಿ ಎಷ್ಟು ಗಂಟೆ ಕಳೆದಿತ್ತು, ರಕ್ತನಾಳಕ್ಕೆ ದ್ರಾವಣ ಹರಿಯಿತೋ ಇಲ್ಲವೋ, ತಂಪಾಗುವಾಗ ದೇಹದಲ್ಲಿ ಬಿರುಕು ಎಷ್ಟು ಡಿಗ್ರಿಗೆ ಬಿತ್ತು, ಎಲ್ಲ ಬರೆದಿರುತ್ತದೆ. ಈ ಕಸುಬಿನ ಬಗ್ಗೆ ನನಗೆ ಗೌರವ ಮೂಡಿಸಿದ್ದು ಈ ಒಂದು ಅಭ್ಯಾಸವೇ.

ಇನ್ನು ಸಂಶೋಧನೆ. ಇರುವ ದುಡ್ಡು ಕಡಿಮೆ, ಕೈಚಾಚುವ ಕೆಲಸಗಳು ಹಲವು. ನೀರು ಹೆಪ್ಪುಗಟ್ಟಿದರೆ ಮಂಜಿನ ಹರಳು ಜೀವಕೋಶವನ್ನು ಸೀಳುತ್ತದೆ. ಹರಳೇ ಆಗದಂತೆ ರಾಸಾಯನಿಕ ತುಂಬಿ ಅಂಗಾಂಶವನ್ನು ಗಾಜಿನಂತೆ ಗಟ್ಟಿಯಾಗಿಸುವ ವಿಟ್ರಿಫಿಕೇಶನ್‌ಗೆ ದೊಡ್ಡ ಪಾಲು ಸಂದಿತು. ಕ್ಯಾಲಿಫೋರ್ನಿಯಾದ ಟ್ವೆಂಟಿಫಸ್ಟ್ ಸೆಂಚುರಿ ಮೆಡಿಸಿನ್ ಕಂಪನಿಯ ಗ್ರೆಗ್ ಫಾಹಿ ಮೊಲದ ಮೂತ್ರಪಿಂಡವನ್ನು ಹೀಗೆ ಗಾಜಾಗಿಸಿ, ಬಿಸಿಮಾಡಿ, ಮತ್ತೆ ಮೊಲಕ್ಕೇ ಕಸಿ ಮಾಡಿದರು. ಅಂಗ ಸಾಕಷ್ಟು ನೊಂದಿತ್ತು, ಆದರೂ ಆ ಒಂದೇ ಮೂತ್ರಪಿಂಡದ ಮೇಲೆ ಮೊಲ ಬದುಕಿತು. ಅಲ್ಲಿನ ಎಂ22 ದ್ರಾವಣವನ್ನು ಆಲ್ಕೋರ್ 2005ರಿಂದ ಬಳಸುತ್ತಿದೆ. 2023ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದವರು 100 ದಿನಗಳವರೆಗೆ ಗಾಜಾಗಿಟ್ಟ ಇಲಿಯ ಮೂತ್ರಪಿಂಡಗಳನ್ನು, ಕಬ್ಬಿಣದ ನ್ಯಾನೋಕಣಗಳಿಂದ ಒಳಗಿನಿಂದಲೇ ಬಿಸಿಯೇರಿಸಿ, ಕಸಿ ಮಾಡಿ ಗೆದ್ದರು. ಅವರ ಗುರಿ ಅಂಗದಾನ. 1982ರಲ್ಲಿ ಶೀತಜೀವವಿಜ್ಞಾನಿಗಳ ಸೊಸೈಟಿ ಸತ್ತವರನ್ನು ಹೆಪ್ಪುಗಟ್ಟಿಸುವವರಿಗೆ ಸದಸ್ಯತ್ವವೇ ಇಲ್ಲ ಎಂದು ನಿಯಮ ಮಾಡಿತ್ತು. ವಿಜ್ಞಾನಿಗಳ ಆ ಅಂತರ ಪೂರ್ತಿ ಅಳಿದಿಲ್ಲ.

ಮಿದುಳಿನ ವಿಷಯದಲ್ಲಿ ಒಳಗೇ ಜಗಳವಿದೆ. ಮೊದಲು ಗ್ಲುಟರಾಲ್ಡಿಹೈಡ್ ಹರಿಸಿ ನರಜಾಲವನ್ನು ಇದ್ದಲ್ಲೇ ಬಿಗಿದು ಆಮೇಲೆ ತಂಪು ಮಾಡುವ ವಿಧಾನಕ್ಕೆ 2018ರಲ್ಲಿ ಬ್ರೈನ್ ಪ್ರಿಸರ್ವೇಶನ್ ಫೌಂಡೇಶನ್ನಿನ ಬಹುಮಾನ ಬಂತು. ಹಂದಿಯ ಮಿದುಳಿನ ರಚನೆ ಅಚ್ಚುಕಟ್ಟಾಗಿ ಉಳಿದಿತ್ತು. ಆದರೆ ಆ ರಾಸಾಯನಿಕ ಮೆತ್ತಿದ ಅಂಗಾಂಶ ಮತ್ತೆ ಮಿಡಿಯುವುದಿಲ್ಲ. ನೆನಪಿನ ನಕ್ಷೆ ಉಳಿದರೆ ಸಾಕು ಎನ್ನುವವರು ಒಂದು ಕಡೆ, ಇದೇ ದೇಹ ಏಳಬೇಕು ಎನ್ನುವವರು ಇನ್ನೊಂದು ಕಡೆ. ಸದಸ್ಯನ ಹಣ ಯಾವ ಪ್ರಯೋಗಾಲಯಕ್ಕೆ ಹೋಗಬೇಕೆಂಬುದು ಈ ಜಗಳದ ತೀರ್ಮಾನಕ್ಕೆ ಕಾದಿದೆ.

ನನ್ನನ್ನು ಕೇಳಿದರೆ ಮೊದಲ ರೂಪಾಯಿ ಇವೆರಡಕ್ಕೂ ಹೋಗಬಾರದು, ಸದಸ್ಯನ ಬಳಿಗೆ ಬೇಗ ತಲುಪುವ ಕೆಲಸಕ್ಕೆ ಹೋಗಬೇಕು. ಹೃದಯ ನಿಂತ ಕ್ಷಣದಿಂದ ಮಿದುಳು ಕೆಡತೊಡಗುತ್ತದೆ. ಎಂ22 ಎಷ್ಟೇ ಒಳ್ಳೆಯದಿರಲಿ, ಒಂಟಿ ಮನೆಯಲ್ಲಿ ಸತ್ತು ಎರಡು ದಿನ ಬಿದ್ದಿದ್ದ ಸದಸ್ಯನ ನಾಳಗಳಲ್ಲಿ ಅದು ಹರಿಯದು. ಅದಕ್ಕೇ ಸದಸ್ಯರು ಕೈಗೆ ಲೋಹದ ಪಟ್ಟಿ ಕಟ್ಟಿಕೊಳ್ಳುತ್ತಾರೆ: ಯಾರಿಗೆ ಫೋನ್ ಮಾಡಬೇಕು, ಕೂಡಲೇ ಏನು ಮಾಡಬೇಕು ಎಂದು ಅದರ ಮೇಲೆ ಕೊರೆದಿರುತ್ತದೆ. ಕಾಯಿಲೆ ಬಿದ್ದರೆ ಬೇಗ ತಿಳಿಸಿ, ಮನೆಯವರಿಗೆ ಈಗಲೇ ಹೇಳಿಡಿ ಎಂದು ಸಂಸ್ಥೆಗಳು ಬೇಡಿಕೊಳ್ಳುತ್ತವೆ. ಹೇಳಿರದಿದ್ದರೆ ಹೆಂಡತಿ ಮಕ್ಕಳು ತಡೆಯುತ್ತಾರೆ, ಇಲ್ಲವೇ ಮರಣೋತ್ತರ ಪರೀಕ್ಷೆ ಎಲ್ಲವನ್ನೂ ಮುಗಿಸುತ್ತದೆ.

2016ರಲ್ಲಿ ಇಂಗ್ಲೆಂಡಿನ 14 ವರ್ಷದ ಕ್ಯಾನ್ಸರ್ ರೋಗಿ ಹುಡುಗಿಯೊಬ್ಬಳು ತನ್ನನ್ನು ಕ್ರಯಾನಿಕ್ಸ್‌ಗೆ ಒಪ್ಪಿಸಬೇಕೆಂದು ನ್ಯಾಯಾಲಯಕ್ಕೆ ಪತ್ರ ಬರೆದಳು. ಬೇರೆಯಾಗಿದ್ದ ತಂದೆ ತಾಯಿಗೆ ಈ ವಿಷಯದಲ್ಲಿ ಹೊಂದಿಕೆಯಿರಲಿಲ್ಲ. ನ್ಯಾಯಮೂರ್ತಿ ಪೀಟರ್ ಜಾಕ್ಸನ್ ತೀರ್ಮಾನವನ್ನು ತಾಯಿಗೆ ಬಿಟ್ಟರು, ದೇಹ ಮಿಷಿಗನ್ ಸೇರಿತು. ಅಲ್ಲಿಗೆ ಕಳಿಸುವ ಮೊದಲಿನ ಕೆಲಸಕ್ಕೆ ಬಂದಿದ್ದವರು ಇಂಗ್ಲೆಂಡಿನ ಸ್ವಯಂಸೇವಕರು. ಅವರಲ್ಲಿ ಸಲಕರಣೆಯೂ ಸಾಲದು, ಶಿಸ್ತೂ ಇಲ್ಲ ಎಂದು ಆಸ್ಪತ್ರೆ ಕಳವಳದಿಂದ ಬರೆಯಿತು. ಆ ಕಳವಳ ತೀರ್ಪಿನ ಕೊನೆಯಲ್ಲಿ ದಾಖಲಾಗಿದೆ. ಇಂಥ ಕೆಲಸಕ್ಕೆ ಸರಿಯಾದ ಕಾನೂನು ಬೇಕಾದೀತು ಎಂಬ ನ್ಯಾಯಮೂರ್ತಿಗಳ ಮಾತೂ ಅದರ ಜತೆಗಿದೆ.