ಕಿಟಕಿ ಸಜ್ಜಾದ ಕಣಜ, ಅದನ್ನೇ ನೋಡುತ್ತಾ ಕೂತ ವಿಜ್ಞಾನಿ

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ಹಿಂಬದಿ ಕಿಟಕಿಯ ಸಜ್ಜಾ ಕೆಳಗೆ ಈ ಸಲ ಕಣಜ ಗೂಡು ಕಟ್ಟಿದೆ. ಅಂಗೈಯಷ್ಟಗಲ, ಬೂದು ಬಣ್ಣ, ರಟ್ಟಿನಂಥ ಗೂಡು. ಅಮ್ಮ ನೋಡಿದ ಕೂಡಲೇ ತೀರ್ಪು ಕೊಟ್ಟರು: "ಮಗು ಓಡಾಡೋ ಜಾಗ ಕಣಪ್ಪ. ರಾತ್ರಿ ಪಂಜು ಹಚ್ಚಿ ಸುಟ್ಬಿಡು."

ಸುಡೋದು ನನಗೆ ಹೊಸದಲ್ಲ. ಎರಡು ವರ್ಷದ ಹಿಂದೆ ಹೊಲದ ಪಂಪ್‌ಹೌಸಿನಲ್ಲಿ ಇಂಥದ್ದೇ ಗೂಡನ್ನು ನಾನೇ ಸುಟ್ಟಿದ್ದೆ. ಬೆಳಿಗ್ಗೆ ಹೋಗಿ ನೋಡಿದರೆ ನೆಲದ ಮೇಲೆ ಸತ್ತ ಕಣಜಗಳ ಜೊತೆ ಅಗಿದು ಉಂಡೆ ಮಾಡಿದ ಹಸಿರು ಮುದ್ದೆಯೊಂದು ಬಿದ್ದಿತ್ತು. ಕೀಟದ ಮಾಂಸ, ಮರಿಗಳಿಗೆ ತಂದ ಊಟ. ಪಕ್ಕದಲ್ಲೇ ನನ್ನ ಎಲೆಕೋಸಿನ ಮಡಿ, ಅದರ ತುಂಬಾ ಹಸಿರು ಹುಳ. 'ನೈಸರ್ಗಿಕ ಶತ್ರುಗಳು' ಅಂತ ತೋಟಗಾರಿಕೆ ಕಾಲೇಜಿನ ಪರೀಕ್ಷೆಯಲ್ಲಿ ಎರಡು ಪುಟ ಬರೆದು ಮಾರ್ಕ್ಸ್ ತಗೊಂಡವನು ನಾನು! ಆ ಗೂಡು ಉಳಿದಿದ್ದರೆ ಕೋಸು ಉಳೀತಿತ್ತು ಅಂತ ಲೆಕ್ಕ ಹಾಕಿ ಹೇಳಲಾರೆ. ಆದರೆ ಆ ಹಸಿರು ಉಂಡೆ ಮಾತ್ರ ಇನ್ನೂ ಕಣ್ಣ ಮುಂದಿದೆ. ಅದಾದ ಮೇಲೆಯೇ ನಾನು ರಾಘವೇಂದ್ರ ಗದಗ್ಕರ್ ಅವರ ಕೆಲಸದ ಬಗ್ಗೆ ಓದಲು ಕೂತದ್ದು.

ಗದಗ್ಕರ್ ಹುಟ್ಟಿದ್ದು 1953ರಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವಾಗ ಅಲ್ಲಿನ ಕಿಟಕಿಗಳಲ್ಲೇ ಅವರಿಗೆ ಈ ಗೂಡುಗಳು ಕಣ್ಣಿಗೆ ಬಿದ್ದವು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1979ರಲ್ಲಿ ಪಿಎಚ್.ಡಿ ಪಡೆದದ್ದು ಬೇರೆಯೇ ವಿಷಯಕ್ಕೆ, ಬ್ಯಾಕ್ಟೀರಿಯಾವನ್ನು ತಿನ್ನುವ ವೈರಸ್ ಕುರಿತು, ಪೂರ್ತಿ ಲ್ಯಾಬಿನ ಕೆಲಸ. ಕಣಜ ಆಗ ಬಿಡುವಿನ ಹವ್ಯಾಸ. ಆಮೇಲೆ ಅದೇ ಸಂಸ್ಥೆಯಲ್ಲಿ ಮಾಧವ ಗಾಡ್ಗೀಳರು ಕಟ್ಟಿದ ಪರಿಸರ ವಿಜ್ಞಾನ ಕೇಂದ್ರ ಸೇರಿದರು, ಹವ್ಯಾಸವೇ ಬದುಕಾಯಿತು. ಅವರು ಆರಿಸಿಕೊಂಡ ಜಾತಿ ರೋಪಾಲಿಡಿಯಾ ಮಾರ್ಜಿನೇಟಾ. ನಮ್ಮ ಸಜ್ಜಾ, ದನದ ಕೊಟ್ಟಿಗೆ, ಪಂಪ್‌ಹೌಸುಗಳಲ್ಲಿ ಗೂಡು ಕಟ್ಟುವ ಕಂದು ಮೈಯ ಕಣಜ. ಕೆಲವು ಕಡೆ ಕಡಜ ಅಂತಾರೆ. (ಧಾನ್ಯ ತುಂಬಿಡೋದಕ್ಕೂ ಕಣಜ, ಕಚ್ಚೋದಕ್ಕೂ ಕಣಜ. ನಮ್ಮ ಹಿರಿಯರು ಏನು ಯೋಚನೆ ಮಾಡಿದ್ರೋ!)

ಅವರ ಪ್ರಯೋಗಾಲಯದ ಮುಖ್ಯ ಸಲಕರಣೆ ಏನು ಗೊತ್ತಾ? ಬೇಗ ಒಣಗುವ ಬಣ್ಣ, ಒಂದು ನೋಟ್‌ಬುಕ್. ಪ್ರತಿ ಕಣಜದ ಮೈಮೇಲೆ ಬೇರೆ ಬೇರೆ ಬಣ್ಣದ ಚುಕ್ಕೆ ಇಡುವುದು, ಆಮೇಲೆ ಗೂಡಿನ ಮುಂದೆ ಕೂತು ಯಾರು ಏನು ಮಾಡಿದರು ಅಂತ ಬರೆಯುವುದು. ಹೀಗೆ ಗಂಟೆಗಟ್ಟಲೆ, ವರ್ಷಗಟ್ಟಲೆ. ನಾವು ಹಸುಗಳಿಗೆ ಹೆಸರಿಟ್ಟು ಗುರುತು ಹಿಡಿಯೋದಿಲ್ವಾ, ಹಾಗೇ.

ಗೂಡಿನಲ್ಲಿ ದುಡಿಯುವವರೆಲ್ಲ ಹೆಣ್ಣುಗಳೇ. ಜೋಷಿ ಎಂಬ ಸಹೋದ್ಯೋಗಿಯ ಜೊತೆ 1983ರಲ್ಲಿ ಗದಗ್ಕರ್ ಪ್ರಕಟಿಸಿದ ಲೇಖನದಲ್ಲಿ ಇವುಗಳನ್ನು ಮೂರು ಗುಂಪು ಮಾಡಿದ್ದಾರೆ: ಸುಮ್ಮನೆ ಕೂರುವವರು, ಜಗಳ ಆಡುವವರು, ಹೊರಗೆ ಹೋಗಿ ಊಟ ತರುವವರು. ರಾಣಿ ಯಾವ ಗುಂಪಲ್ಲಿರಬೇಕು? ಜಗಳಗಂಟಿ ಅಂದ್ಕೊಂಡಿದ್ದೆ ನಾನು. ಅಲ್ಲ, ಅವಳು ಸುಮ್ಮನೆ ಕೂರುವವಳು! ಯಾರನ್ನೂ ಬೆದರಿಸಲ್ಲ, ಆದರೂ ಮೊಟ್ಟೆ ಇಡುವ ಹಕ್ಕು ಅವಳದೊಬ್ಬಳದೇ.

ರಾಣಿಯನ್ನು ಗೂಡಿನಿಂದ ತೆಗೆದುಬಿಟ್ಟರೆ ಮುಂದಿನದು ಇನ್ನೂ ಸೋಜಿಗ. ಸ್ವಲ್ಪ ಹೊತ್ತಿನಲ್ಲೇ ಕೆಲಸಗಾರ್ತಿಯೊಬ್ಬಳು ಮೈಮೇಲೆ ಬಂದವಳ ಹಾಗೆ ಎಲ್ಲರ ಮೇಲೆ ಎಗರತೊಡಗುತ್ತಾಳೆ. ಉಳಿದವರು ಎದುರಾಡುವುದಿಲ್ಲ. ರಾಣಿಯನ್ನು ವಾಪಸ್ ಬಿಟ್ಟರೆ ಇವಳು ತಣ್ಣಗಾಗಿ ತನ್ನ ಕೆಲಸಕ್ಕೆ ಹೋಗುತ್ತಾಳೆ. ಬಿಡದೇ ಇದ್ದರೆ ಸುಮಾರು ಒಂದು ವಾರದಲ್ಲಿ ಮೊಟ್ಟೆ ಇಡಲು ಶುರು ಮಾಡಿ, ಹಳೆಯ ರಾಣಿಯಷ್ಟೇ ಸಾಧುವಾಗುತ್ತಾಳೆ. ಮುಂದಿನ ರಾಣಿ ಯಾರೆಂದು ಮೈಗಾತ್ರ ನೋಡಿಯೋ ಜಗಳದ ಬಲ ನೋಡಿಯೋ ಮೊದಲೇ ಹೇಳಲು ವಿಜ್ಞಾನಿಗಳಿಗೆ ಆಗಲಿಲ್ಲ. ಕಣಜಗಳಿಗೆ ಮಾತ್ರ ಗೊತ್ತಿರುವ ಹಾಗಿದೆ. ರಾಣಿ ಬಲಪ್ರಯೋಗ ಇಲ್ಲದೆ ಆಳುವುದರ ಗುಟ್ಟು ಅವಳ ಹೊಟ್ಟೆಯ ಒಂದು ಗ್ರಂಥಿಯ ರಸದಲ್ಲಿದೆ ಎಂದು ಅವರ ತಂಡ ಆಮೇಲೆ ತೋರಿಸಿತು.

ಗಂಡು ಕಣಜಗಳ ಕಥೆ ಬೇರೆ. ಹುಟ್ಟಿ ಕೆಲವು ದಿನ ಗೂಡಲ್ಲಿ ತಿಂದುಂಡು ಇದ್ದು ಹೊರಟುಬಿಡುತ್ತವೆ, ವಾಪಸ್ ಬರಲ್ಲ. ಮರಿ ಸಾಕಲು ಅವಕ್ಕೆ ಬರೋದೇ ಇಲ್ವಾ ಅನ್ನೋದನ್ನೂ ಪರೀಕ್ಷಿಸಿದ್ದಾರೆ. ಹೆಣ್ಣುಗಳನ್ನು ತೆಗೆದು, ಗಂಡುಗಳಿಗೆ ಬೇಕಾದಷ್ಟು ಊಟ ಕೊಟ್ಟರೆ ಅವೂ ಮರಿಗಳಿಗೆ ತಿನ್ನಿಸಿದವು. ಇದನ್ನು ಓದಿ ಹೇಳಿದಾಗ ನನ್ನ ಹೆಂಡತಿ ನಕ್ಕ ನಗು ಇಲ್ಲಿ ಬರೆಯೋದು ಬೇಡ.

ಇಷ್ಟೆಲ್ಲ ಸೇರಿ 2001ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ದೊಡ್ಡ ಪುಸ್ತಕವಾಯಿತು. ಅದಕ್ಕೂ ಮುಂಚೆ 1993ರಲ್ಲಿ ಭಟ್ನಾಗರ್ ಪ್ರಶಸ್ತಿ ಬಂದಿತ್ತು. ನನಗೆ ಇಷ್ಟವಾದದ್ದು ಅವರ ಇನ್ನೊಂದು ಹಟ: ಒಳ್ಳೆಯ ಸಂಶೋಧನೆಗೆ ದುಬಾರಿ ಯಂತ್ರ ಬೇಕೇ ಬೇಕು ಅನ್ನೋದನ್ನು ಅವರು ಒಪ್ಪಲ್ಲ. ಪುಡಿಗಾಸಿನಲ್ಲಿ ಮಾಡಬಹುದಾದ ಪ್ರಾಣಿವರ್ತನೆಯ ಪ್ರಯೋಗಗಳ ಬಗ್ಗೆಯೇ ಒಂದು ಪುಸ್ತಕ ಬರೆದಿದ್ದಾರೆ.

ನಮ್ಮ ಹೊಲಕ್ಕೆ ಬರೋಣ. ಈ ಕಣಜಗಳು ಮರಿಗಳಿಗೆ ತರೋದು ಮರಿಹುಳ, ಜೇಡ, ಸಣ್ಣ ಕೀಟ. ನಮ್ಮ ಕೋಸಿನ ಹುಳ ಬೇರೆ, ಪಕ್ಕದ ಚಿಟ್ಟೆಯ ಹುಳ ಬೇರೆ ಅಂತ ಭೇದ ಮಾಡಲ್ಲ, ಹಾಗಾಗಿ ಔಷಧದ ಬದಲಿಗೆ ಇವನ್ನೇ ನಂಬಿ ಕೂರೋಕಾಗಲ್ಲ. ಒಂದೇ ಕೀಟವನ್ನು ಗುರಿಯಿಟ್ಟು ಹುಡುಕುವ ಕಣಜಗಳೂ ಇವೆ. ಅವು ತೀರಾ ಚಿಕ್ಕವು, ನಮ್ಮನ್ನು ಕುಟುಕುವುದಿಲ್ಲ. 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟು ರೇಷ್ಮೆ ಬೆಳೆಗಾರರನ್ನು ಅಳಿಸಿದಾಗ ಅದರ ಕೋಶದೊಳಗೇ ಮೊಟ್ಟೆ ಇಡುವ ನೆಸೊಲಿಂಕ್ಸ್ ಥೈಮಸ್ ಎಂಬ ಪುಟ್ಟ ಕಣಜವನ್ನು ಬಳಕೆಗೆ ತಂದರು. ಇದರಲ್ಲಿ ನಮ್ಮ ಮೈಸೂರಿನ ಶ್ರೀರಾಂಪುರದ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯ ಪಾಲು ದೊಡ್ಡದು. ಹುಳ ಸಾಕುವವರು ಅಲ್ಲಿ ವಿಚಾರಿಸಬಹುದು. ಕಂಡಕಂಡ ಹುಳವನ್ನೆಲ್ಲ ಕೊಲ್ಲುವ ಔಷಧ ಹೊಡೆದರೆ ಈ ದೊಡ್ಡ ಕಣಜ, ಸಣ್ಣ ಕಣಜ ಎರಡೂ ಹೋಗುತ್ತವೆ.

ಹಾಗಂತ ಎಲ್ಲಾ ಗೂಡನ್ನೂ ಉಳಿಸಿ ಅನ್ನಲ್ಲ. ಬಾಗಿಲ ಎತ್ತರಕ್ಕೆ, ಕೈ ತಾಗುವ ಕಡೆ ಇದ್ದರೆ ಅನುಭವ ಇರುವವರಿಂದ ತೆಗೆಸಿ. ಜೇನಿನ ಹಾಗಲ್ಲ, ಕಣಜದ ಮುಳ್ಳು ನಮ್ಮ ಮೈಯಲ್ಲಿ ಉಳಿಯೋದಿಲ್ಲ, ಒಂದೇ ಹುಳ ಮತ್ತೆ ಮತ್ತೆ ಕುಟುಕಬಲ್ಲದು. ಕುಟುಕಿದ ಮೇಲೆ ಉಸಿರಾಡಲು ಕಷ್ಟವಾದರೆ, ಮುಖ, ಗಂಟಲು ಊದಿದರೆ ಸುಣ್ಣ ಹಚ್ಚಿ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ನಮ್ಮ ಸಜ್ಜಾ ಎತ್ತರದಲ್ಲಿದೆ, ಆ ಕಿಟಕಿ ಮುಚ್ಚಿಟ್ಟಿದ್ದೇವೆ. ದೂರ ನಿಂತು ಫೋನ್ ಜೂಮ್ ಮಾಡಿ ಬೆಳಿಗ್ಗೆ ಕಾಲು ಗಂಟೆ ವಿಡಿಯೊ ಮಾಡ್ತೀನಿ, ಆಮೇಲೆ ನಿಧಾನವಾಗಿ ಓಡಿಸಿ, ಬಾಯಲ್ಲಿ ಉಂಡೆ ಹಿಡಿದು ಬಂದವರನ್ನು ಎಣಿಸ್ತೀನಿ. ನಿನ್ನೆ ನಾಲ್ಕು ಬಂದವು. ಅಮ್ಮ ಇನ್ನೂ ಪೂರ್ತಿ ಒಪ್ಪಿಲ್ಲ, ಬಟ್ಟೆ ಒಣಗಿಸುವ ತಂತಿಯನ್ನು ಈ ಕಡೆಗೆ ಕಟ್ಟಿಸಿಕೊಂಡಿದ್ದಾರೆ. ಆದರೆ ಇವತ್ತು ತಿಂಡಿ ಹೊತ್ತಿಗೆ ಅವರೇ ಕೇಳಿದರು: "ಅದರಲ್ಲಿ ರಾಣಿ ಯಾವುದೋ?"